ಬಿಂದು, ರೇಖೆ, ಸಮತಲ: ವ್ಯಾಖ್ಯೆ ಇಲ್ಲದ ಪದಗಳ ಜೊತೆ ಏಗುವುದು ಹೇಗೆ?

ಒಂಬತ್ತನೇ ತರಗತಿಯ ಮಕ್ಕಳು, ಅವರ ಅಪ್ಪ ಅಮ್ಮ, ಕೆಲವೊಮ್ಮೆ ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳು, ಎಲ್ಲರೂ ತಿರುಗಿ ತಿರುಗಿ ಕೇಳುವ ಪ್ರಶ್ನೆ ಒಂದೇ. ‘ಬಿಂದು ಅಂದರೆ ಏನು ಅಂತ ಬರೆಯೋದು? ಪುಸ್ತಕ ನೋಡಿದರೆ ಅದಕ್ಕೆ ವ್ಯಾಖ್ಯೆ ಇಲ್ಲ ಅನ್ನುತ್ತೆ. ಬುನಾದಿಯ ಪದಕ್ಕೇ ಅರ್ಥ ಹೇಳದಿದ್ದರೆ ಅದರ ಮೇಲೆ ಕಟ್ಟಿದ್ದನ್ನು ನಂಬೋದು ಹೇಗೆ?’

ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರವನ್ನು ಒಂದು ವಾಕ್ಯದಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ, ಕೈಯಾರೆ ಮಾಡಿ ನೋಡಬೇಕು. ಅದಕ್ಕೇ ಹಂತ ಹಂತವಾಗಿ ಬರೆದಿದ್ದೇನೆ. ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಎರಡು ಹಾಳೆ, ಪೆನ್ಸಿಲ್, ಒಂದು ಕನ್ನಡ ನಿಘಂಟು, ಒಂದು ಮೊಳ ದಾರ ಇದ್ದರೆ ಸಾಕು. ಕಂಪಾಸ್ ಪೆಟ್ಟಿಗೆ ಬೇಡ.

ಮೊದಲು ನಾಲ್ಕು ಪದ ಗೊತ್ತಿರಲಿ. ವ್ಯಾಖ್ಯೆ ಎಂದರೆ ಒಂದು ಪದದ ಅರ್ಥವನ್ನು ಮೊದಲೇ ಗೊತ್ತಿರುವ ಬೇರೆ ಪದಗಳಿಂದ ಹೇಳುವುದು. ಸ್ವಯಂಸಿದ್ಧ ಎಂದರೆ ಸಾಧನೆ ಕೇಳದೆ ಒಪ್ಪಿಕೊಂಡು ಹೊರಡುವ ಹೇಳಿಕೆ. ರೇಖಾಗಣಿತಕ್ಕೆ ಮಾತ್ರ ಸಂಬಂಧಪಟ್ಟ ಸ್ವಯಂಸಿದ್ಧವನ್ನು ಆಧಾರ ಪ್ರತಿಜ್ಞೆ ಎನ್ನುವ ರೂಢಿ ಇದೆ. ಈ ಲೇಖನದಲ್ಲಿ ಎರಡಕ್ಕೂ ಸುಮ್ನೆ ‘ನಿಯಮ’ ಎನ್ನುತ್ತೇನೆ. ಪ್ರಮೇಯ ಎಂದರೆ ಆ ನಿಯಮಗಳಿಂದ ಸಾಧಿಸಿ ತೋರಿಸಿದ ಮಾತು.

ಹಂತ 1: ನಿಘಂಟಿನಲ್ಲಿ ಒಂದು ಸುತ್ತು ಹೊಡೆಯಿರಿ

ನಿಘಂಟಿನಲ್ಲಿ ‘ಬಿಂದು’ ಹುಡುಕಿ. ಚುಕ್ಕೆ, ಹನಿ, ತೊಟ್ಟು ಎಂದೆಲ್ಲ ಸಿಗುತ್ತದೆ. ಈಗ ‘ಚುಕ್ಕೆ’ ಹುಡುಕಿ. ಹೆಚ್ಚಿನ ಪಾಲು ಮತ್ತೆ ‘ಬಿಂದು’ವಿಗೇ ಬಂದು ನಿಲ್ಲುತ್ತೀರಿ. ಒಂದೆರಡು ಮನೆ ಜಾಸ್ತಿ ಸುತ್ತಿಸಬಹುದು, ಅಷ್ಟೇ.

ಇದು ನಿಘಂಟಿನ ತಪ್ಪಲ್ಲ. ಒಂದು ಪದಕ್ಕೆ ಅರ್ಥ ಹೇಳಲು ಇನ್ನೊಂದು ಪದ ಬೇಕು, ಅದಕ್ಕೆ ಮತ್ತೊಂದು ಬೇಕು. ಪದಗಳ ಸಂಖ್ಯೆಗೆ ಮಿತಿ ಇದೆ. ಹಾಗಾಗಿ ಒಂದೋ ಹೊರಟಲ್ಲಿಗೇ ವಾಪಸ್ ಬರಬೇಕು, ಇಲ್ಲವೇ ಎಲ್ಲಾದರೂ ಒಂದು ಕಡೆ ‘ಇಲ್ಲಿಂದ ಕೆಳಗೆ ಕೇಳಬೇಡಿ’ ಎಂದು ನಿಲ್ಲಬೇಕು. ಕನ್ನಡ ಗೊತ್ತಿರುವವರಿಗೆ ನಿಘಂಟು ಸುತ್ತು ಹಾಕಿಸಿದರೂ ನಷ್ಟವಿಲ್ಲ. ಗಣಿತಕ್ಕೆ ಅದು ಆಗಿಬರುವುದಿಲ್ಲ. ಅಲ್ಲಿ ಸುತ್ತು ಹೊಡೆದ ಸಾಧನೆ ಸಾಧನೆಯೇ ಅಲ್ಲ. ಅದಕ್ಕೇ ಅದು ಎರಡನೇ ದಾರಿ ಹಿಡಿಯಿತು: ಕೆಲವು ಪದಗಳಿಗೆ ವ್ಯಾಖ್ಯೆ ಕೊಡುವುದಿಲ್ಲ ಎಂದು ಮೊದಲೇ ಬಾಯಿಬಿಟ್ಟು ಹೇಳಿಬಿಡುವುದು. ಶಾಲೆಯ ರೇಖಾಗಣಿತದಲ್ಲಿ ಆ ಪದಗಳು ಬಿಂದು, ಸರಳರೇಖೆ, ಸಮತಲ.

ಹಂತ 2: ಯೂಕ್ಲಿಡ್ ಏನು ಮಾಡಿದ ಎಂದು ನೋಡಿ

‘ಯೂಕ್ಲಿಡ್ ವ್ಯಾಖ್ಯೆ ಕೊಟ್ಟಿದ್ದಾನಲ್ಲ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಹೌದು, ಕೊಟ್ಟಿದ್ದಾನೆ. ಕ್ರಿಸ್ತಪೂರ್ವ 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿದ್ದ ಆತನ ‘ಎಲಿಮೆಂಟ್ಸ್’ ಗ್ರಂಥದಲ್ಲಿ 13 ಭಾಗಗಳಿವೆ. ಮೊದಲ ಭಾಗ ಶುರುವಾಗುವುದೇ 23 ವ್ಯಾಖ್ಯೆಗಳಿಂದ. ಭಾಗಗಳಿಲ್ಲದ್ದು ಬಿಂದು. ಅಗಲವಿಲ್ಲದ ಉದ್ದ ರೇಖೆ. ಉದ್ದ ಅಗಲ ಮಾತ್ರ ಇರುವುದು ಮೇಲ್ಮೈ.

ಕೇಳಲು ಚೆನ್ನಾಗಿದೆ. ಆದರೆ ‘ಭಾಗ’ ಅಂದರೇನು? ‘ಉದ್ದ’ ಅಂದರೇನು? ಅವಕ್ಕೆ ಉತ್ತರ ಇಲ್ಲ. ಇನ್ನೂ ಒಂದು ಸಂಗತಿ ಇದೆ. ಮುಂದೆ ಸಾಲು ಸಾಲಾಗಿ ಪ್ರಮೇಯ ಸಾಧಿಸುವಾಗ ಯೂಕ್ಲಿಡ್ ಎಲ್ಲೂ ‘ಬಿಂದುವಿಗೆ ಭಾಗಗಳಿಲ್ಲ, ಆದ್ದರಿಂದ...’ ಎಂದು ಬರೆಯುವುದಿಲ್ಲ. ಅಂಗಡಿಯ ಬೋರ್ಡಿನ ಹಾಗೆ ಅದು ಬಾಗಿಲಲ್ಲೇ ಉಳಿಯಿತು. ಒಳಗಿನ ವ್ಯಾಪಾರ ನಡೆದದ್ದು ‘ಯಾವುದೇ ಎರಡು ಬಿಂದುಗಳನ್ನು ಸರಳರೇಖೆಯಿಂದ ಸೇರಿಸಬಹುದು’ ಎಂಬಂಥ ನಿಯಮಗಳಿಂದ.

ಇಲ್ಲಿ ಎಡವಬೇಡಿ: ಯೂಕ್ಲಿಡ್ ‘ರೇಖೆ’ ಎಂದಾಗ ಬಾಗಿದ ಗೆರೆಯೂ ಅದರಲ್ಲಿ ಸೇರಿದೆ. ಸರಳರೇಖೆಗೆ ಬೇರೆ ವ್ಯಾಖ್ಯೆ ಇದೆ, ಅದೂ ನಾವೀಗ ರೇಖಾಖಂಡ ಎನ್ನುವ, ಎರಡು ತುದಿ ಇರುವ ತುಂಡು. ಇವತ್ತಿನ ಪುಸ್ತಕದಲ್ಲಿ ‘ರೇಖೆ’ ಎಂದರೆ ಎರಡೂ ಕಡೆ ಕೊನೆಯಿಲ್ಲದೆ ಹೋಗುವ ಸರಳರೇಖೆ. ಎರಡನ್ನೂ ಕಲಸಿದರೆ ಗೊಂದಲ ಖಂಡಿತ.

ಹಂತ 3: ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳಿ, ಆದರೆ ಅದಕ್ಕೆ ಅಂಟಿಕೊಳ್ಳಬೇಡಿ

ವ್ಯಾಖ್ಯೆ ಇಲ್ಲ ಎಂದ ಮಾತ್ರಕ್ಕೆ ಕಲ್ಪನೆಯೂ ಇರಬಾರದು ಅಂತಲ್ಲ.

ಬಿಂದುವಿಗೆ ಚುಕ್ಕಿ ರಂಗೋಲಿ ನೆನೆಯಿರಿ. ಬೆರಳ ತುದಿಯಿಂದ ಬಿದ್ದ ಚುಕ್ಕಿ ಜೋಳದ ಕಾಳಿನಷ್ಟು ದಪ್ಪ ಇರಬಹುದು, ಸಾಸಿವೆಯಷ್ಟು ಸಣ್ಣ ಇರಬಹುದು. ಎಳೆ ಎಳೆಯುವವರಿಗೆ ಅದರ ದಪ್ಪ ಲೆಕ್ಕಕ್ಕಿಲ್ಲ, ಅದು ಎಲ್ಲಿದೆ ಎನ್ನುವುದಷ್ಟೇ ಬೇಕು. ಆ ‘ಎಲ್ಲಿ’ ಎನ್ನುವುದೇ ಬಿಂದು. ಪೆನ್ಸಿಲ್ ಚುಕ್ಕಿ ಅದರ ಗುರುತು ಮಾತ್ರ.

ಸರಳರೇಖೆಗೆ ಗಾರೆ ಕೆಲಸದವರು ಎಳೆದು ಕಟ್ಟುವ ದಾರ ನೋಡಿ. ನಿಮ್ಮ ಒಂದು ಮೊಳ ದಾರವನ್ನೂ ಹಾಗೇ ಬಿಗಿಯಾಗಿ ಹಿಡಿಯಿರಿ. ಅದರ ದಪ್ಪ ಕಳೆಯಿರಿ. ಎರಡೂ ತುದಿಯನ್ನು ಮನಸ್ಸಿನಲ್ಲೇ ಊರಾಚೆ ದಾಟಿಸಿ, ಇನ್ನೂ ಆಚೆಗೆ ಬಿಡಿ. ಕೈಯಲ್ಲಿರುವುದು ರೇಖಾಖಂಡ, ಮನಸ್ಸಿನಲ್ಲಿರುವುದು ರೇಖೆ.

ಸಮತಲಕ್ಕೆ ಮೇಜಿನ ಮೇಲ್ಮೈ, ಗೋಡೆ, ಗಾಳಿಯಿಲ್ಲದ ಹೊತ್ತಿನ ಕೆರೆಯ ನೀರು ಎನ್ನುತ್ತಾರೆ. ನನಗೆ ಇಷ್ಟವಾಗುವುದು ಮೂರು ಕಾಲಿನ ಸ್ಟೂಲ್. ನಾಲ್ಕು ಕಾಲಿನ ಕುರ್ಚಿ ಹೋಟೆಲಿನಲ್ಲಿ ಅಲ್ಲಾಡುತ್ತದೆ, ಯಾರೋ ಒಂದು ಕಾಲಿನಡಿ ರಟ್ಟು ಮಡಚಿ ಇಡುತ್ತಾರೆ. ಮೂರು ಕಾಲಿನದ್ದು ಎಂಥ ಏರುತಗ್ಗಿನಲ್ಲೂ ಕುಲುಕುವುದಿಲ್ಲ. ಯಾಕೆ? ಒಂದೇ ರೇಖೆಯ ಮೇಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹೋಗುತ್ತದೆ. ಮೂರು ಕಾಲಿನ ತುದಿಗಳು ತಮ್ಮ ಸಮತಲವನ್ನು ತಾವೇ ಹುಡುಕಿಕೊಳ್ಳುತ್ತವೆ. ನಾಲ್ಕನೆಯ ತುದಿ ಅದೇ ಸಮತಲದಲ್ಲಿ ಇರಲೇಬೇಕೆಂಬ ಕಟ್ಟುಪಾಡಿಲ್ಲ. ಗಮನಿಸಿ, ಈಗ ನಾನು ಹೇಳಿದ್ದು ಸಮತಲ ಎಂದರೇನು ಎಂದಲ್ಲ. ಅದು ಹೇಗೆ ನಡೆದುಕೊಳ್ಳುತ್ತದೆ ಎಂದು.

ಇಲ್ಲಿ ಎಡವಬೇಡಿ: ‘ಬಿಂದು ಎಂದರೆ ಬಹಳ ಸಣ್ಣ ಚುಕ್ಕೆ’ ಎಂದು ಬರೆಯಬೇಡಿ. ಎಷ್ಟು ಸಣ್ಣ ಮಾಡಿದರೂ ಚುಕ್ಕೆಗೆ ಅಗಲ ಇರುತ್ತದೆ. ಅಂಥ ಎರಡು ಚುಕ್ಕೆಗಳ ನಡುವೆ ಒಂದಲ್ಲ, ಹತ್ತಾರು ಗೆರೆ ಎಳೆಯಬಹುದು, ಆಗ ಮುಂದಿನ ಹಂತದ ನಿಯಮವೇ ಮುರಿಯುತ್ತದೆ.

ಹಂತ 4: ನಿಯಮ ಬರೆದುಕೊಳ್ಳಿ, ಒಂದು ಪ್ರಮೇಯ ಸಾಧಿಸಿ

ಹಾಳೆಯ ಮೇಲೆ ಈ ಮೂರನ್ನು ಬರೆಯಿರಿ.

ನಿಯಮ 1: ಯಾವುದೇ ಎರಡು ಬೇರೆ ಬೇರೆ ಬಿಂದುಗಳ ಮೂಲಕ ಒಂದು ರೇಖೆ ಇದೆ, ಒಂದೇ ಇದೆ.
ನಿಯಮ 2: ಪ್ರತಿ ರೇಖೆಯ ಮೇಲೂ ಕನಿಷ್ಠ ಎರಡು ಬಿಂದುಗಳಿವೆ.
ನಿಯಮ 3: ಒಂದೇ ರೇಖೆಯ ಮೇಲಿಲ್ಲದ ಮೂರು ಬಿಂದುಗಳು ಇವೆ.

ಈಗ ಸಾಧಿಸಬೇಕಾದ ಪ್ರಮೇಯ: ಎರಡು ಬೇರೆ ಬೇರೆ ರೇಖೆಗಳಿಗೆ ಒಂದಕ್ಕಿಂತ ಹೆಚ್ಚು ಸಾಮಾನ್ಯ ಬಿಂದುಗಳು ಇರಲಾರವು. ಅಂದರೆ ಎರಡೂ ರೇಖೆಗಳ ಮೇಲಿರುವ ಬಿಂದು ಹೆಚ್ಚೆಂದರೆ ಒಂದು.

ಚಿತ್ರ ಬರೆಯಬೇಡಿ. ಬೇಕೆಂದೇ ಹೇಳುತ್ತಿದ್ದೇನೆ. ಎರಡೂ ರೇಖೆಗಳ ಮೇಲೆ ‘ಅ’ ಮತ್ತು ‘ಬ’ ಎಂಬ ಎರಡು ಬಿಂದುಗಳು ಇವೆ ಎಂದುಕೊಳ್ಳಿ. ಹಾಗಾದರೆ ‘ಅ’ ಮತ್ತು ‘ಬ’ ಮೂಲಕ ಎರಡು ಬೇರೆ ರೇಖೆಗಳು ಹೋದಂತಾಯಿತು. ನಿಯಮ 1 ‘ಒಂದೇ ಇದೆ’ ಎನ್ನುತ್ತದೆ. ಎರಡೂ ಒಟ್ಟಿಗೆ ನಿಲ್ಲವು. ಆದ್ದರಿಂದ ನಾವು ಅಂದುಕೊಂಡದ್ದೇ ತಪ್ಪು. ಮುಗಿಯಿತು.

ಈ ನಾಲ್ಕು ಸಾಲಿನಲ್ಲಿ ಬಿಂದುವಿನ ಗಾತ್ರ ಬಂತಾ? ರೇಖೆ ನೆಟ್ಟಗಿದೆ ಎನ್ನುವ ಮಾತು ಬಂತಾ? ಇಲ್ಲ ಅಲ್ವಾ. ‘ಬಿಂದು’ ಎಂದರೇನು ಎಂದು ಒಂದಿಷ್ಟೂ ಗೊತ್ತಿಲ್ಲದವರು ಕೂಡ ಇದನ್ನು ಒಪ್ಪಲೇಬೇಕು.

ಹಂತ 5: ಪದಗಳನ್ನು ಬದಲಿಸಿ ನೋಡಿ

ಇಡೀ ಲೇಖನದ ಜೀವ ಇಲ್ಲಿದೆ. ಇದೊಂದನ್ನು ಹಾರಿಸಬೇಡಿ.

ಒಂದು ರೂಮಿನಲ್ಲಿ ಏಳು ಜನ ಹುಡುಗಿಯರಿದ್ದಾರೆ, ತಾವೇ ಅಡುಗೆ ಮಾಡಿಕೊಳ್ಳುತ್ತಾರೆ ಎಂದುಕೊಳ್ಳಿ. ದಿನಕ್ಕೆ ಮೂವರ ಪಾಳಿ. ವಾರದ ಪಟ್ಟಿ ಹೀಗಿದೆ:

ಸೋಮವಾರ: ಅನಿತಾ, ಭವ್ಯಾ, ದಿವ್ಯಾ
ಮಂಗಳವಾರ: ಭವ್ಯಾ, ಚೈತ್ರಾ, ಗೀತಾ
ಬುಧವಾರ: ಚೈತ್ರಾ, ದಿವ್ಯಾ, ಹೇಮಾ
ಗುರುವಾರ: ದಿವ್ಯಾ, ಗೀತಾ, ಜಯಾ
ಶುಕ್ರವಾರ: ಗೀತಾ, ಹೇಮಾ, ಅನಿತಾ
ಶನಿವಾರ: ಹೇಮಾ, ಜಯಾ, ಭವ್ಯಾ
ಭಾನುವಾರ: ಜಯಾ, ಅನಿತಾ, ಚೈತ್ರಾ

ಈಗ ‘ಬಿಂದು’ ಎಂದಲ್ಲೆಲ್ಲ ‘ಹುಡುಗಿ’ ಎಂದು ಓದಿ. ‘ರೇಖೆ’ ಎಂದಲ್ಲೆಲ್ಲ ‘ದಿನ’ ಎಂದು ಓದಿ. ‘ರೇಖೆಯ ಮೇಲಿದೆ’ ಎಂದರೆ ‘ಆ ದಿನ ಪಾಳಿಯಲ್ಲಿದ್ದಾಳೆ’.

ನಿಯಮ 1 ಪರೀಕ್ಷಿಸಿ. ಯಾರಾದರೂ ಇಬ್ಬರನ್ನು ತೆಗೆದುಕೊಳ್ಳಿ. ಭವ್ಯಾ ಮತ್ತು ಹೇಮಾ ಜೊತೆಯಾಗುವುದು ಶನಿವಾರ, ಬೇರೆ ದಿನ ಇಲ್ಲ. ಅನಿತಾ ಮತ್ತು ಚೈತ್ರಾ ಭಾನುವಾರ ಮಾತ್ರ. ಒಟ್ಟು 21 ಜೋಡಿಗಳಿವೆ, ಪುರುಸೊತ್ತಿದ್ದರೆ ಎಲ್ಲ ನೋಡಿ. ನಿಯಮ 2 ಕಣ್ಣಿಗೇ ಕಾಣುತ್ತದೆ. ನಿಯಮ 3: ಅನಿತಾ, ಭವ್ಯಾ, ಚೈತ್ರಾ ಮೂವರೂ ಒಟ್ಟಿಗಿರುವ ದಿನ ಇಲ್ಲ. ಸರಿಹೋಯಿತು.

ಮೂರೂ ನಿಯಮ ನಿಂತವು ಎಂದ ಮೇಲೆ ಹಂತ 4ರ ಪ್ರಮೇಯವೂ ನಿಲ್ಲಲೇಬೇಕು, ಮತ್ತೆ ಸಾಧಿಸುವ ಅಗತ್ಯವಿಲ್ಲ. ಎರಡು ಬೇರೆ ದಿನಗಳಲ್ಲಿ ಇಬ್ಬರು ಹುಡುಗಿಯರು ಪುನಃ ಜೊತೆಯಾಗುವುದಿಲ್ಲ. ಪಟ್ಟಿ ನೋಡಿ, ಹಾಗೇ ಇದೆ. ಇಲ್ಲಿ ಸೋಮವಾರ ಒಂದು ಸರಳರೇಖೆ, ಗೀತಾ ಒಂದು ಬಿಂದು. ಮೊದಲ ಸಲ ಕೇಳಿದವರು ನಗುತ್ತಾರೆ, ನಗಲಿ. ಗಣಿತಜ್ಞರು ಈ ಏಳರ ಏರ್ಪಾಟನ್ನು ಇಟಲಿಯ ಜೀನೋ ಫಾನೋ ಹೆಸರಿನಲ್ಲಿ ಫಾನೋ ಸಮತಲ ಎಂದು ಕರೆಯುತ್ತಾರೆ.

ಜರ್ಮನಿಯ ಡೇವಿಡ್ ಹಿಲ್ಬರ್ಟ್ ಇದೇ ಮಾತನ್ನು ತನ್ನ ರೀತಿಯಲ್ಲಿ ಹೇಳಿದ್ದ ಎನ್ನುತ್ತಾರೆ: ಬಿಂದು, ರೇಖೆ, ಸಮತಲ ಎನ್ನುವ ಜಾಗದಲ್ಲಿ ಮೇಜು, ಕುರ್ಚಿ, ಬಿಯರ್ ಮಗ್ ಎಂದು ಇಟ್ಟರೂ ರೇಖಾಗಣಿತ ನಡೆಯಬೇಕು. 1899ರಲ್ಲಿ ಬಂದ ಆತನ ಪುಸ್ತಕದಲ್ಲಿ ಬಿಂದು ಎಂದರೇನು ಎಂಬ ವ್ಯಾಖ್ಯೆಯೇ ಇಲ್ಲ. ಐದು ಗುಂಪುಗಳಲ್ಲಿ ನಿಯಮಗಳಿವೆ. ಚದುರಂಗದ ಕುದುರೆಯ ಹಾಗೆ. ಕುದುರೆ ಕಳೆದುಹೋದರೆ ಅದರ ಜಾಗದಲ್ಲಿ ಬಾಟಲಿ ಮುಚ್ಚಳ ಇಟ್ಟು ಆಡುತ್ತೀರಿ. ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ ಹೋದರೆ ಅದು ಕುದುರೆ.

ಇನ್ನೊಂದು ಚಮತ್ಕಾರ ಈ ಪಟ್ಟಿಯಲ್ಲಿದೆ. ಯಾವುದೇ ಎರಡು ದಿನ ತೆಗೆದುಕೊಳ್ಳಿ, ಒಬ್ಬಳು ಎರಡರಲ್ಲೂ ಇದ್ದೇ ಇರುತ್ತಾಳೆ. ಸೋಮವಾರ ಮತ್ತು ಗುರುವಾರಕ್ಕೆ ದಿವ್ಯಾ. ಮಂಗಳವಾರ ಮತ್ತು ಶನಿವಾರಕ್ಕೆ ಭವ್ಯಾ. ಅಂದರೆ ಇಲ್ಲಿ ಸಮಾಂತರ ರೇಖೆಗಳೇ ಇಲ್ಲ!

ಈಗ ಹುಡುಗಿಯರು ನಾಲ್ವರೇ, ದಿನಕ್ಕೆ ಇಬ್ಬರ ಪಾಳಿ ಎಂದು ಮಾಡಿ. ಆರು ಜೋಡಿ, ಆರು ದಿನ, ಭಾನುವಾರ ಹೊರಗೆ ಊಟ. ಮೂರೂ ನಿಯಮ ಇಲ್ಲೂ ನಿಲ್ಲುತ್ತವೆ. ಆದರೆ ಅನಿತಾ-ಭವ್ಯಾ ದಿನಕ್ಕೂ ಚೈತ್ರಾ-ದಿವ್ಯಾ ದಿನಕ್ಕೂ ಯಾರೂ ಸಾಮಾನ್ಯವಿಲ್ಲ. ಸಮಾಂತರ ರೇಖೆಗಳು ಬಂದವು.

ಇದರ ಅರ್ಥ ಏನು ಗೊತ್ತಾ? ಸಮಾಂತರ ರೇಖೆಗಳು ಇವೆ ಎಂದಾಗಲಿ, ಇಲ್ಲ ಎಂದಾಗಲಿ ಈ ಮೂರು ನಿಯಮಗಳಿಂದ ಸಾಧಿಸಲು ಸಾಧ್ಯವೇ ಇಲ್ಲ. ಬೇಕಿದ್ದರೆ ಅದಕ್ಕೆ ಬೇರೆ ನಿಯಮ ಹಾಕಬೇಕು. ಯೂಕ್ಲಿಡ್‌ನ ಐದನೇ ಆಧಾರ ಪ್ರತಿಜ್ಞೆಯ (ಸಮಾಂತರ ರೇಖೆಗಳಿಗೆ ಸಂಬಂಧಪಟ್ಟ ನಿಯಮ ಅದು) ಕಥೆಯೂ ಇಂಥದ್ದೇ, ಆದರೆ ಅದರ ತೂಕ ಇದಕ್ಕಿಂತ ಬಹಳ ಜಾಸ್ತಿ. ಅದನ್ನು ಉಳಿದ ನಿಯಮಗಳಿಂದ ಸಾಧಿಸಲು ಎರಡು ಸಾವಿರ ವರ್ಷ ಹೆಣಗಿದರು. 1829ರಲ್ಲಿ ರಷ್ಯಾದ ಲೊಬಚೆವ್‌ಸ್ಕಿ, 1832ರಲ್ಲಿ ಹಂಗೆರಿಯ ಬೊಲ್ಯಾಯಿ, ಆ ನಿಯಮ ಬಿಟ್ಟು ನಡೆಯುವ ಬೇರೆ ರೇಖಾಗಣಿತವನ್ನೇ ಪ್ರಕಟಿಸಿದರು. ಅಲ್ಲೂ ಬಿಂದು, ರೇಖೆ ಎಂಬ ಅದೇ ಪದಗಳು. ನಡತೆ ಬೇರೆ.

ಹಂತ 6: ಬಾಯಿಬಿಡದ ಪದಗಳನ್ನು ಹಿಡಿಯಿರಿ

‘ವ್ಯಾಖ್ಯೆ ಇಲ್ಲದ ಪದಗಳು ಮೂರೇ’ ಎಂದು ಉರುಹೊಡೆದವರು ಇಲ್ಲಿ ಸ್ವಲ್ಪ ನಿಲ್ಲಿ. ಮೇಲಿನ ನಿಯಮಗಳಲ್ಲಿ ‘ರೇಖೆಯ ಮೇಲಿದೆ’ ಎಂಬ ಮಾತು ಬಂತು. ಅದಕ್ಕೂ ನಾವು ವ್ಯಾಖ್ಯೆ ಕೊಟ್ಟಿಲ್ಲ. ‘ನಡುವೆ’ ಎನ್ನುವುದೂ ಹಾಗೇ. ಹಿಲ್ಬರ್ಟ್ ವಸ್ತುಗಳ ಜೊತೆಗೆ ಈ ಸಂಬಂಧಗಳನ್ನೂ (‘ಮೇಲಿದೆ’, ‘ನಡುವೆ’, ‘ಸರ್ವಸಮ’, ಅಂದರೆ ಅಳತೆಯಲ್ಲಿ ಒಂದಕ್ಕೊಂದು ಸರಿಯಾಗಿ ಕೂರುವುದು) ವ್ಯಾಖ್ಯೆ ಇಲ್ಲದೆಯೇ ಇಟ್ಟುಕೊಂಡ.

‘ನಡುವೆ’ಯ ವಿಷಯದಲ್ಲಿ ಯೂಕ್ಲಿಡ್ ಚಿತ್ರವನ್ನು ನಂಬಿದ್ದ. ಅದನ್ನು ನಿಯಮಗಳಲ್ಲಿ ಕಟ್ಟಿ ಹಾಕಿದ್ದು 1882ರಲ್ಲಿ ಜರ್ಮನಿಯ ಗಣಿತಜ್ಞ ಮೋರಿಟ್ಸ್ ಪಾಶ್. ಚಿತ್ರ ನಂಬಿದರೆ ಏನಾಗುತ್ತದೆ ಎನ್ನಲು ಯೂಕ್ಲಿಡ್‌ನ ಮೊಟ್ಟಮೊದಲ ಪ್ರಮೇಯವೇ ಸಾಕ್ಷಿ. ಒಂದು ರೇಖಾಖಂಡದ ಎರಡು ತುದಿಗಳಿಂದ ಎರಡು ವೃತ್ತ ಎಳೆದು, ಅವು ಸೇರುವ ಬಿಂದು ಹಿಡಿದು ಸಮಬಾಹು ತ್ರಿಭುಜ ಕಟ್ಟುತ್ತಾನೆ. ಆ ವೃತ್ತಗಳು ಸೇರಿಯೇ ಸೇರುತ್ತವೆ ಎಂದು ಹೇಳಿದ್ದು ಯಾವ ನಿಯಮ? ಯಾವುದೂ ಇಲ್ಲ. ಕಣ್ಣು ಹೇಳಿತು, ಆತ ಒಪ್ಪಿದ.

ಹಂತ 7: ಬುನಾದಿಯಿಂದ ಮೇಲಕ್ಕೆ ಕಟ್ಟಿ

ಈಗ ಮೂಲ ಪದಗಳಿಂದ ಉಳಿದವಕ್ಕೆ ವ್ಯಾಖ್ಯೆ ಕೊಡಿ. ರೇಖಾಖಂಡ: ಎರಡು ಬಿಂದುಗಳು ಮತ್ತು ಅವುಗಳ ನಡುವಿನ ಎಲ್ಲ ಬಿಂದುಗಳು. ತ್ರಿಭುಜ: ಒಂದೇ ರೇಖೆಯ ಮೇಲಿಲ್ಲದ ಮೂರು ಬಿಂದುಗಳನ್ನು ಜೋಡಿಜೋಡಿಯಾಗಿ ಸೇರಿಸುವ ಮೂರು ರೇಖಾಖಂಡಗಳು. ಪ್ರತಿ ವ್ಯಾಖ್ಯೆ ಬರೆದ ಮೇಲೆ ಅದರಲ್ಲಿನ ಗಣಿತದ ಪದಗಳಿಗೆ ಅಡಿಗೆರೆ ಹಾಕಿ. ಒಂದೊಂದೂ ಮೂಲ ಪದವಾಗಿರಬೇಕು ಅಥವಾ ಮೊದಲೇ ವ್ಯಾಖ್ಯೆ ಪಡೆದಿರಬೇಕು. ಇಲ್ಲದಿದ್ದರೆ ಹಿಂದಕ್ಕೆ ಹೋಗಿ ಸರಿಮಾಡಿ.

ಇಲ್ಲಿ ಎಡವಬೇಡಿ: ‘ಎಂದೂ ಸೇರದ ರೇಖೆಗಳು ಸಮಾಂತರ ರೇಖೆಗಳು’ ಎಂದು ಬರೆದು ಮಾರ್ಕ್ಸ್ ಕಳೆದುಕೊಂಡವರು ಬಹಳ ಮಂದಿ. ನೀವು ಕೂತಿರುವ ಕೋಣೆ ನೋಡಿ. ಎದುರು ಗೋಡೆ ಚಾವಣಿಯನ್ನು ಸೇರುವ ಅಡ್ಡ ಗೆರೆ ಒಂದು. ನಿಮ್ಮ ಬೆನ್ನ ಹಿಂದಿನ ಮೂಲೆಯಲ್ಲಿ ನೆಲದಿಂದ ಮೇಲೇರುವ ನೆಟ್ಟ ಗೆರೆ ಇನ್ನೊಂದು. ಎಷ್ಟು ಬೆಳೆಸಿದರೂ ಅವು ಸೇರುವುದಿಲ್ಲ, ಆದರೆ ಸಮಾಂತರವೂ ಅಲ್ಲ. ‘ಒಂದೇ ಸಮತಲದಲ್ಲಿದ್ದು’ ಎಂಬ ಎರಡು ಪದ ಬಿಡಬೇಡಿ. (ಅಡುಗೆ ಪಟ್ಟಿಯಲ್ಲಿ ಈ ತಾಪತ್ರಯ ಇರಲಿಲ್ಲ. ಅಲ್ಲಿ ಎಲ್ಲರೂ ಒಂದೇ ಸಮತಲದವರು.)

ಹಂತ 8: ಪರೀಕ್ಷೆಯಲ್ಲಿ ಬರೆಯುವುದು

‘ಬಿಂದು ಎಂದರೇನು?’ ಎಂದು ಕೇಳಿದರೆ ಹೀಗೆ ಬರೆಯಿರಿ: ‘ಬಿಂದು ರೇಖಾಗಣಿತದಲ್ಲಿ ವ್ಯಾಖ್ಯೆ ಕೊಡದೆ ಒಪ್ಪಿಕೊಂಡ ಪದ. ಅದು ಸ್ಥಾನವನ್ನು ಸೂಚಿಸುತ್ತದೆ, ಅದಕ್ಕೆ ಉದ್ದ ಅಗಲ ದಪ್ಪ ಇಲ್ಲ ಎಂದು ಕಲ್ಪಿಸಿಕೊಳ್ಳುತ್ತೇವೆ. ಎರಡು ಬೇರೆ ಬಿಂದುಗಳ ಮೂಲಕ ಒಂದೇ ಒಂದು ಸರಳರೇಖೆ ಹೋಗುತ್ತದೆ.’ ಮೊದಲ ವಾಕ್ಯ ಮುಖ್ಯ, ಮೂರನೆಯದು ನಿಮಗೆ ವಿಷಯ ಅರ್ಥವಾಗಿದೆ ಎಂದು ತೋರಿಸುತ್ತದೆ. ನಿಮ್ಮ ಪಠ್ಯದಲ್ಲಿ ಇಂಥ ಪದಗಳಿಗೆ ಒಂದು ಹೆಸರು ಇಟ್ಟಿರುತ್ತಾರೆ, ಅದನ್ನೇ ಬಳಸಿ. ‘ಯೂಕ್ಲಿಡ್ ಕೊಟ್ಟ ವ್ಯಾಖ್ಯೆ ಬರೆಯಿರಿ’ ಎಂದು ಕೇಳಿದ್ದರೆ ಮಾತ್ರ ‘ಭಾಗಗಳಿಲ್ಲದ್ದು’ ಎಂದು ಬರೆಯಿರಿ. ಪ್ರಶ್ನೆಯನ್ನು ಎರಡು ಸಲ ಓದಿ.

‘ಈ ಹೇಳಿಕೆಯಲ್ಲಿ ವ್ಯಾಖ್ಯೆ ಇಲ್ಲದ ಪದಗಳು ಯಾವುವು?’ ಎಂದು ಕೇಳಿದರೆ ಹಂತ 7ರ ಅಡಿಗೆರೆ ಕೆಲಸ ಮಾಡಿ. ಬಿಂದು, ರೇಖೆಯ ಜೊತೆಗೆ ‘ನಡುವೆ’, ‘ಮೇಲಿದೆ’ ಬಂದಿದ್ದರೆ ಅವನ್ನೂ ಹೆಸರಿಸಿ.

ಮನೆಗೆಲಸ ಒಂದು. ಅದೇ ರೂಮಿಗೆ ಈಗ ಐವರು ಹುಡುಗಿಯರು, ಪಾಳಿ ಇಬ್ಬರದು, ಪ್ರತಿ ಜೋಡಿಗೂ ಒಂದು ಸರದಿ, ಒಟ್ಟು 10 ಸರದಿ. ಅನಿತಾ-ಭವ್ಯಾ ಸರದಿಯನ್ನು ಒಂದು ರೇಖೆ ಎನ್ನಿ. ಅದರ ಮೇಲಿಲ್ಲದ ಚೈತ್ರಾಳ ಮೂಲಕ ಆ ರೇಖೆಗೆ ಸಮಾಂತರವಾಗಿ ಎಷ್ಟು ರೇಖೆಗಳು ಹೋಗುತ್ತವೆ? ಎಣಿಸಿ. ಉತ್ತರ ಎರಡು ಬರಬೇಕು. ಒಂದೇ ಬಂದಿದ್ದರೆ ಐದನೆಯವಳನ್ನು ಮರೆತಿದ್ದೀರಿ.